ನಮ್ಮನೆ ನೀರು ನಿಂಗೂ ಆಗಲ್ವಾ?

ಪೋಸ್ಟ್ ಉದ್ದ ಆಗುತ್ತೆ. ಪುರುಸೊತ್ತು ಮಾಡ್ಕೊಂಡು ಓದಿ. ಕೇರಿಯಲ್ಲಿ ಮನೆ ಇರೋರು, ಕೇರಿಯಲ್ಲಿ ಅಪ್ಪ ಅವ್ವ ಇರೋರು ಮಾತ್ರ ದಯವಿಟ್ಟು ಕೊನೇತನಕ ಓದಿ.

ಹೋದ ವರ್ಷ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ನಮ್ಮೂರು ತುಮಕೂರು ಜಿಲ್ಲೆಯ ಬಯಲುಸೀಮೆ ಕಡೆಯದು. ಬ್ಯಾಗಲ್ಲಿ ಒಂದು ಲೀಟರಿನ ಎರಡು ನೀರಿನ ಬಾಟ್ಲಿ ಇದ್ವು. ತುಮಕೂರಲ್ಲಿ ನಾನಿರೋ ಬಾಡಿಗೆ ಮನೆ ಅಡಿಗೆಕೋಣೆ ಗೋಡೆ ಮೇಲೆ ಫಿಲ್ಟರ್ ಇದೆ. ಅಲ್ಲಿಂದ ತುಂಬ್ಕೊಂಡು ಹೋಗಿದ್ದೆ. ಸುಮಾರು ವರ್ಷದಿಂದ ಹಂಗೇ ಮಾಡ್ತಿದ್ದೆ. ಯಾರಿಗೂ ಕಾಣದ ಹಂಗೆ ಬ್ಯಾಗಿನ ಒಳಗೇ ಇಟ್ಕೊಂಡು, ಹಿತ್ತಲಿಗೆ ಹೋದಾಗ ಎರಡು ಗುಟುಕು ಕುಡಿದು ಬರ್ತಿದ್ದೆ.

ಅವತ್ತು ಅವ್ವ ನೋಡ್ಬಿಟ್ಟಳು.

ಅವಳು ಬೈಯಲಿಲ್ಲ. ಬಿಂದಿಗೆ ಕೆಳಗಿಟ್ಟು ನನ್ನ ಮುಖ ನೋಡಿ ಕೇಳಿದ್ಲು: "ಊರೋರು ನಮ್ಮನೇಲಿ ನೀರು ಕುಡಿಯಲ್ಲ, ಅದು ಗೊತ್ತಿರೋದೇ. ನಮ್ಮನೆ ನೀರು ನಿಂಗೂ ಆಗಲ್ವಾ?"

ನಾನು ಊರೂರು ಸುತ್ತಿ ಭಾಷಣ ಮಾಡೋಳು. ಮಾರ್ಚ್ 20 ಬಂದ್ರೆ ಮಹಾಡ್ ಸತ್ಯಾಗ್ರಹದ ಬಗ್ಗೆ ಒಂದು ಗಂಟೆ ನೋಟ್ಸ್ ಇಲ್ಲದೆ ಮಾತಾಡ್ತೀನಿ. ಆದ್ರೆ ಅವ್ವನ ಆ ಒಂದು ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಬಾಟ್ಲಿ ಮುಚ್ಚಳ ಹಾಕಿ ಸುಮ್ನೆ ಒಳಗೆ ಹೋದೆ.

ಅದಾದ ನಾಲ್ಕನೇ ದಿನ ತಮ್ಮನ ಮಗಳಿಗೆ ವಾಂತಿಭೇದಿ ಶುರುವಾಯ್ತು. ಆರು ವರ್ಷದ ಕೂಸು. ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿ ಬಿದ್ದು, ಅಳೋಕೂ ಶಕ್ತಿ ಇಲ್ಲದ ಹಂಗೆ ಆಗೋಯ್ತು. ತಾಲ್ಲೂಕು ಆಸ್ಪತ್ರೆಗೆ ಆಟೋದಲ್ಲಿ ಹಾಕ್ಕೊಂಡು ಓಡಿದ್ವಿ. ಹೋಗಿ ನೋಡಿದ್ರೆ ನಮ್ಮ ಕೇರಿಯವರೇ ಇನ್ನೂ ಐದಾರು ಜನ ಅಲ್ಲಿ ಮಲಗಿದ್ದಾರೆ. ಡ್ರಿಪ್ ಹಾಕಿದ್ರು, ಮಗು ಉಳೀತು. ಬೀದಿ ಕೊನೆ ಮನೆಯ ಅಜ್ಜಿ ಉಳೀಲಿಲ್ಲ. ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಮನೇಲಿ ಯಾರೂ ಇರಲಿಲ್ಲ, ಎಲ್ಲಾ ಕೂಲಿಗೆ ಹೋಗಿದ್ರು. ವಯಸ್ಸಾಗಿತ್ತು, ಹೋದ್ಲು ಅಂದ್ರು. ಅಷ್ಟೇ. ಅವಳ ಲೆಕ್ಕ ಎಲ್ಲೂ ಬರಲಿಲ್ಲ.

ಆಸ್ಪತ್ರೆಯಲ್ಲಿ ಒಬ್ರು ನನ್ನ ತಮ್ಮನ ಹೆಂಡ್ತಿನ ಕೇಳಿದ್ರು: "ನೀರು ಕಾಯಿಸಿ ಆರಿಸಿ ಕುಡಿಯೋಕೆ ಏನಮ್ಮಾ ಕಷ್ಟ ನಿಮಗೆ?"

ಅವಳು ತಲೆ ತಗ್ಗಿಸಿದ್ಲು. ಬೆಳಗಿನ ಜಾವ ಎದ್ದು, ಅಡಿಗೆ ಮಾಡಿಟ್ಟು, ಕೂಲಿಗೆ ಹೋಗಿ, ಸಂಜೆ ಬಂದು ನಲ್ಲಿ ಮುಂದೆ ಕಾಯೋ ಹೆಣ್ಣುಮಗಳು ಅವಳು. ಮನೇಲಿ ಆರು ಜನ. ಕುಡಿಯೋಕೇ ದಿನಕ್ಕೆ ಹದಿನೈದು ಲೀಟರ್ ನೀರು ಬೇಕು. ಅಷ್ಟನ್ನೂ ಕುದಿಸಿದ್ರೆ ಎರಡು ತಿಂಗಳು ಬರಬೇಕಾದ ಸಿಲಿಂಡರ್ ಒಂದು ತಿಂಗಳೂ ಬರಲ್ಲ. ಅದನ್ನ ಯಾರೂ ಕೇಳಲಿಲ್ಲ. ತಪ್ಪು ಅವಳದ್ದಾಯ್ತು. ನೀರು ಕೆಟ್ಟದ್ದು ಯಾಕೆ ಅಂತ ಕೇಳೋ ಬದಲು, ನೀನ್ಯಾಕೆ ಕಾಯಿಸಲಿಲ್ಲ ಅಂತ ಕೇಳಿದ್ರು.

ನಾನು ಅವತ್ತು ತೀರ್ಮಾನ ಮಾಡಿದೆ. ಎರಡೂ ಪ್ರಶ್ನೆಗೆ ಉತ್ತರ ಹುಡುಕಬೇಕು. ನೀರು ಎಲ್ಲಿ ಕೆಡ್ತಾ ಇದೆ? ಅದು ಸರಿಹೋಗೋ ತನಕ ನಮ್ಮ ಮಕ್ಕಳು ಸಾಯದ ಹಂಗೆ ಮನೇಲೇ ಏನು ಮಾಡಬಹುದು?

ನೀರು ಕೆಡೋದು ಎಲ್ಲಿ

ನಮ್ಮೂರಲ್ಲಿ ಬೋರ್‌ವೆಲ್ ನೀರು ಓವರ್‌ಹೆಡ್ ಟ್ಯಾಂಕಿಗೆ ಏರುತ್ತೆ. ಟ್ಯಾಂಕಿಂದ ಊರೊಳಗಿನ ಬೀದಿಗಳಿಗೆ, ಆಮೇಲೆ ಶಾಲೆ ಬೀದಿಗೆ, ಕಟ್ಟಕಡೆಗೆ ನಮ್ಮ ಕೇರಿಗೆ. ಊರು ಕಟ್ಟಿದ ನಕ್ಷೆ ಹೆಂಗಿದೆಯೋ ಪೈಪಿನ ನಕ್ಷೆಯೂ ಹಂಗೇ ಇದೆ. ಎರಡು ಮೂರು ದಿನಕ್ಕೊಂದು ಸಲ ಒಂದು ಗಂಟೆ ನೀರು ಬರುತ್ತೆ. ಉಳಿದ ಹೊತ್ತು ಪೈಪು ಖಾಲಿ.

ಈ ಖಾಲಿ ಪೈಪೇ ಕೇಡು. ಪೈಪು ಹೋಗಿರೋದು ಚರಂಡಿ ಒಳಗೆ. ಜಾಯಿಂಟ್ ಸಡಿಲ ಆಗಿರುತ್ತೆ, ಸಣ್ಣ ಬಿರುಕು ಬಿಟ್ಟಿರುತ್ತೆ. ನೀರು ಒತ್ತಡದಲ್ಲಿ ಹರಿಯುವಾಗ ಬಿರುಕಿಂದ ಆಚೆಗೆ ಸೋರುತ್ತೆ. ಮೋಟರ್ ನಿಂತು ಒತ್ತಡ ಇಳಿದ ತಕ್ಷಣ ಅದೇ ಬಿರುಕಿಂದ ಚರಂಡಿ ನೀರು ಒಳಗೆ ಬರುತ್ತೆ. ಮುಂದಿನ ಬೀದಿಯೋರು ನಲ್ಲಿಗೇ ಮೋಟರ್ ಹಚ್ಚಿ ಎಳೆದ್ರಂತೂ ಕೇಳೋದೇ ಬೇಡ, ಚರಂಡಿಯನ್ನೇ ಹೀರಿದ ಹಂಗೆ.

ಕೊನೆಯಲ್ಲಿರೋ ನಮ್ಮ ಕೇರೀಲಿ ಒತ್ತಡ ಇರಲ್ಲ. ನಲ್ಲಿ ಮೇಲಿದ್ರೆ ನೀರು ಏರಲ್ಲ. ಅದಕ್ಕೆ ಎಲ್ಲರೂ ಮನೆ ಮುಂದೆ ಮೊಣಕಾಲುದ್ದ ಗುಂಡಿ ತೋಡಿ, ನಲ್ಲಿಯನ್ನ ನೆಲಕ್ಕಿಂತ ಕೆಳಗೆ ಇಳಿಸಿದ್ದಾರೆ. ಬಿಂದಿಗೆ ಗುಂಡಿ ಒಳಗಿಟ್ಟು ಹಿಡೀಬೇಕು. ಮಳೆ ಬಂದ್ರೆ ಆ ಗುಂಡಿ ತುಂಬುತ್ತೆ. ಬಚ್ಚಲ ನೀರು, ಚರಂಡಿ ನೀರು, ದನದ ಗಂಜಲ ಎಲ್ಲಾ ಅದರೊಳಗೆ. ನಲ್ಲಿ ಮುಳುಗಿರುತ್ತೆ. ಪೈಪು ಖಾಲಿ ಇದ್ದಾಗ ಆ ಗಲೀಜು ನಲ್ಲಿ ಬಾಯಿಂದಲೇ ಒಳಗೆ ಹೋಗುತ್ತೆ. ಮಾರನೆ ದಿನ ನಮ್ಮ ಬಿಂದಿಗೆಗೆ ಬರುತ್ತೆ.

ಇದು ಊಹೆ ಅಲ್ಲ. ನಾವು ಪರೀಕ್ಷೆ ಮಾಡಿದ್ವಿ. ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡೋ ಮೇಷ್ಟ್ರೊಬ್ಬರು ಸಣ್ಣ ಬಾಟ್ಲಿಗಳನ್ನ ತಂದುಕೊಟ್ರು. ಎಚ್ ಟು ಎಸ್ ಬಾಟ್ಲಿ ಅಂತಾರೆ. ನೀರು ತುಂಬಿ ಮುಚ್ಚಿ ಬೆಚ್ಚಗಿರೋ ಕಡೆ ಇಡಬೇಕು. ನೀರಲ್ಲಿ ಮಲದ ಜೊತೆ ಬರೋ ಬ್ಯಾಕ್ಟೀರಿಯಾ ಇದ್ರೆ ಒಂದೆರಡು ದಿನದಲ್ಲಿ ನೀರು ಕಪ್ಪಗಾಗುತ್ತೆ. ಓದು ಬರಹ ಬರದೇ ಇರೋರೂ ಕಣ್ಣಲ್ಲಿ ನೋಡಿ ತಿಳ್ಕೋಬಹುದು. ಟ್ಯಾಂಕ್ ಪಕ್ಕದ ನಲ್ಲಿಯದ್ದು ಒಂದು, ಊರೊಳಗಿನದ್ದು ಒಂದು, ಕೇರಿ ಕೊನೇ ನಲ್ಲಿಯದ್ದು ಒಂದು, ಹಿಂಗೆ ಮೂರು ಬಾಟ್ಲಿ ತುಂಬಿ ಅವ್ವನ ಒಲೆ ಪಕ್ಕದ ಗೂಡಲ್ಲಿ ಇಟ್ವಿ.

ಮಾರನೆ ಬೆಳಿಗ್ಗೆ ಕೇರಿ ಬಾಟ್ಲಿ ಮಸಿ ಕಲಸಿದ ಹಂಗೆ ಕಪ್ಪಾಗಿತ್ತು. ಉಳಿದೆರಡು ಹಂಗೇ ಇದ್ವು.

ಅವ್ವ ಆ ಬಾಟ್ಲಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ಲು. "ಬಿಂದಿಗೇಲಿ ನೋಡಿದ್ರೆ ತಿಳಿಯಾಗೇ ಇತ್ತಲ್ಲವ್ವಾ" ಅಂದ್ಲು. ಅದೇ ವಿಷಯ. ತಿಳಿ ನೀರು ಅಂದ್ರೆ ಒಳ್ಳೆ ನೀರು ಅಲ್ಲ. ಕಣ್ಣಿಗೆ ಕಾಣೋ ಕೊಳೆ ಬೇರೆ, ಕೊಲ್ಲೋ ಕೊಳೆ ಬೇರೆ.

ಶುದ್ಧ ಅಂದ್ರೆ ಏನು?

ಇಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳಬೇಕು.

1927ರ ಮಾರ್ಚ್ 20. ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದ್ರು. ಸಾವಿರಾರು ಜನ ಅವರ ಹಿಂದೆ ಕುಡಿದ್ರು. ಆಮೇಲೆ ಸವರ್ಣೀಯರು ಏನು ಮಾಡಿದ್ರು? ಕೆರೆ ಮೈಲಿಗೆ ಆಯ್ತು ಅಂತ 108 ಮಡಕೆ ತುಂಬ ಸಗಣಿ, ಗಂಜಲ, ಹಾಲು, ಮೊಸರು ಸುರಿದು, ಮಂತ್ರ ಹೇಳಿ 'ಶುದ್ಧ' ಮಾಡಿದ್ರು. ಕುಡಿಯೋ ನೀರಿಗೆ ಸಗಣಿ ಹಾಕಿ ಅದನ್ನ ಶುದ್ಧಿ ಅಂದ್ರು.

ಅದು ಹಳೇ ಕಥೆ ಅನ್ನಬೇಡಿ. 2022ರ ನವೆಂಬರ್‌ನಲ್ಲಿ ನಮ್ಮದೇ ರಾಜ್ಯದ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ, ಮದುವೆಗೆ ಅಂತ ಬಂದ ನಮ್ಮ ಹೆಣ್ಣುಮಗಳೊಬ್ಬಳು ಮೇಲ್ಜಾತಿ ಬೀದಿಯ ತೊಂಬೆ ನಲ್ಲಿಯಲ್ಲಿ ನೀರು ಕುಡಿದ್ಲು. ತೊಂಬೆ ನೀರು ಪೂರಾ ಖಾಲಿ ಮಾಡಿ, ಗಂಜಲ ಹಾಕಿ ತೊಳೆದ್ರು ಅಂತ ಪೇಪರ್‌ಗಳೆಲ್ಲಾ ಬರೆದ್ವು, ಕೇಸೂ ಆಯ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯ ವೆಂಗೈವಯಲ್‌ನಲ್ಲಿ ದಲಿತರಿಗೆ ನೀರು ಕೊಡೋ ಟ್ಯಾಂಕಿನಲ್ಲಿ ಮನುಷ್ಯರ ಮಲ ಸಿಕ್ತು. 2023ರ ಆಗಸ್ಟ್‌ನಲ್ಲಿ ನಮ್ಮ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದು ನಮ್ಮ ಜನ ವಾಂತಿಭೇದಿಯಾಗಿ ಸತ್ರು.

ಇದನ್ನೆಲ್ಲಾ ಪಕ್ಕಪಕ್ಕ ಇಟ್ಟು ನೋಡಿ. ನಾವು ಮುಟ್ಟಿದ ಟ್ಯಾಂಕನ್ನ ಒಂದೇ ದಿನದಲ್ಲಿ ಖಾಲಿ ಮಾಡಿ ತೊಳೆಯೋಕೆ ಜನ ಇರ್ತಾರೆ. ನಾವು ಕುಡಿಯೋ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕೋಕೆ ತಿಂಗಳಾದ್ರೂ ಯಾರೂ ಇರಲ್ಲ. ಜಾತಿಯ ಶುದ್ಧಕ್ಕೂ ನೀರಿನ ಶುದ್ಧಕ್ಕೂ ಸಂಬಂಧವೇ ಇಲ್ಲ. ನೀರಿನ ಶುದ್ಧವನ್ನ ಅಳೀಬಹುದು. 100 ಮಿಲಿ ಲೀಟರ್ ನೀರಲ್ಲಿ ಒಂದೇ ಒಂದು ಇ-ಕೋಲಿ ಬ್ಯಾಕ್ಟೀರಿಯಾ ಇರಬಾರದು, ಕ್ಲೋರಿನ್ ಹಾಕಿದ ನೀರು ಮನೆ ನಲ್ಲಿಗೆ ಬಂದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಇದು ಭಾರತೀಯ ಮಾನಕದಲ್ಲೇ ಬರೆದಿರೋದು. ಅದರಲ್ಲಿ ಯಾರು ಮುಟ್ಟಿದ್ರು ಅನ್ನೋ ಕಾಲಂ ಇಲ್ಲ.

ಅದಕ್ಕೇ ಹೇಳ್ತೀನಿ, ನೀರು ಶುದ್ಧ ಮಾಡೋ ವಿದ್ಯೆ ನಮಗೆ ಬೇಕು. ನಮ್ಮ ಕಡೆ ಕೆರೆ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚೋ ನೀರುಗಂಟಿ ಕೆಲಸ ತಲೆತಲಾಂತರದಿಂದ ಹೆಚ್ಚಾಗಿ ನಮ್ಮವರದ್ದೇ. ಊರಿಗೆಲ್ಲಾ ನೀರಿನ ಲೆಕ್ಕ ಗೊತ್ತಿದ್ದೋರು ನಾವು, ನಮ್ಮ ಬಿಂದಿಗೆ ಲೆಕ್ಕ ನಮಗೆ ಗೊತ್ತಿಲ್ಲ ಅಂದ್ರೆ ಹೆಂಗೆ?

ಮನೆಯಲ್ಲಿ ಮಾಡೋದು

ನಾನು ಕಲಿತದ್ದನ್ನ ಕ್ರಮವಾಗಿ ಬರೀತೀನಿ. ಸ್ಕ್ರೀನ್‌ಶಾಟ್ ತೆಗೆದು ಕೇರಿ ಗ್ರೂಪಿಗೆ ಹಾಕಿ. ಓದೋಕೆ ಬರದವರಿಗೆ ಓದಿ ಹೇಳಿ.

1. ಸೋಸೋದು. ಹಳೇ ಹತ್ತಿ ಸೀರೆ ಬಟ್ಟೆ ತಗೊಳ್ಳಿ. ಹೊಸದಕ್ಕಿಂತ ಒಗೆದು ಒಗೆದು ಮೆತ್ತಗಾದದ್ದೇ ಒಳ್ಳೇದು, ಎಳೆ ಹರಡಿ ಸಂದಿ ಕಿರಿದಾಗಿರುತ್ತೆ. ಒಂದು ಪದರ ಸಾಲದು, ನಾಲ್ಕೈದು ಸಲ ಮಡಿಸಿ ಬಿಂದಿಗೆ ಬಾಯಿಗೆ ಕಟ್ಟಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕೋಲ್‌ವೆಲ್ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಯವರು ಹೆಂಗಸರಿಗೆ ಇದನ್ನ ಹೇಳಿಕೊಟ್ಟು ನೋಡಿದ್ರು. ಕೆರೆ ಹೊಳೆ ನೀರನ್ನ ಹಿಂಗೆ ಸೀರೆಯಲ್ಲಿ ಸೋಸಿದ ಹಳ್ಳಿಗಳಲ್ಲಿ ಕಾಲರಾ 48% ಕಡಿಮೆ ಆಯ್ತು ಅಂತ 2003ರಲ್ಲಿ ಪ್ರಕಟ ಮಾಡಿದ್ರು. ಕಾಲರಾ ಬ್ಯಾಕ್ಟೀರಿಯಾ ನೀರಿನ ಸಣ್ಣ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತೆ, ಆ ಜೀವಿ ಬಟ್ಟೆಯಲ್ಲಿ ನಿಂತರೆ ಅದೂ ನಿಲ್ಲುತ್ತೆ. ನಮ್ಮವ್ವಂದಿರು ಮೊದಲಿಂದ ಮಾಡ್ತಿದ್ದ ಕೆಲಸ ಇದು. ಆದ್ರೆ ನೆನಪಿಡಿ, ಬಿಡಿಬಿಡಿಯಾಗಿ ತೇಲೋ ಬ್ಯಾಕ್ಟೀರಿಯಾ, ವೈರಸ್ ಬಟ್ಟೆಯಲ್ಲಿ ನಿಲ್ಲಲ್ಲ. ಚರಂಡಿ ಸೇರಿದ ನಲ್ಲಿ ನೀರಿಗೆ ಸೋಸೋದು ಮೊದಲ ಮೆಟ್ಟಿಲು ಮಾತ್ರ. ಬಟ್ಟೆಯನ್ನ ಪ್ರತಿ ದಿನ ಒಗೆದು ಬಿಸಿಲಿಗೆ ಒಣಗಿಸಿ. ಗಲೀಜಾದ ಕಡೆಯನ್ನ ಒಳಗೆ ಮಾಡಿ ಮತ್ತೆ ಕಟ್ಟಬೇಡಿ.

2. ಕುದಿಸೋದು. ಬೆಚ್ಚಗೆ ಮಾಡೋದಲ್ಲ, ಹಬೆ ಬಂತು ಅಂತ ಇಳಿಸೋದೂ ಅಲ್ಲ. ದೊಡ್ಡ ದೊಡ್ಡ ಗುಳ್ಳೆ ಎದ್ದು ಕೊತಕೊತ ಕುದಿಯೋಕೆ ಶುರುವಾದ ಮೇಲೆ ಒಂದು ನಿಮಿಷ ಬಿಟ್ರೆ ಸಾಕು. ಹತ್ತು ಹದಿನೈದು ನಿಮಿಷ ಕುದಿಸಿ ಗ್ಯಾಸ್ ಕಳೀಬೇಡಿ. ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ. ಕುದಿಸಿದ ನೀರಿಗೆ ತನ್ನನ್ನ ಕಾಯ್ಕೊಳ್ಳೋ ಶಕ್ತಿ ಇರಲ್ಲ. ಯಾರಾದ್ರೂ ಕೈ ಅದ್ದಿದ್ರೆ ಮತ್ತೆ ಕೆಡುತ್ತೆ. ಎಲ್ಲರಿಗೂ ಆಗದಿದ್ರೆ ಚಿಕ್ಕ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ವಯಸ್ಸಾದವರಿಗೆ ಮೊದಲು ಕುದಿಸಿ.

3. ಕ್ಲೋರಿನ್ ಮಾತ್ರೆ. ಕುದಿಸೋದಕ್ಕಿಂತ ಕಡಿಮೆ ಖರ್ಚು. ಆಶಾ ಅಕ್ಕನ ಹತ್ರ, ಆರೋಗ್ಯ ಕೇಂದ್ರದಲ್ಲಿ ಕೇಳಿ, ಮೆಡಿಕಲ್ ಸ್ಟೋರಲ್ಲೂ ಸಿಗುತ್ತೆ. ಒಂದೊಂದು ಅಳತೆಯ ಮಾತ್ರೆಗೆ ಒಂದೊಂದು ಲೆಕ್ಕ. ಒಂದು ಮಾತ್ರೆ ಎಷ್ಟು ಲೀಟರಿಗೆ ಅಂತ ಪಟ್ಟಿ ಮೇಲೆ ಬರೆದಿರುತ್ತೆ, ಅದನ್ನೇ ಪಾಲಿಸಿ. ನಿಮ್ಮ ಬಿಂದಿಗೆ ಎಷ್ಟು ಲೀಟರ್ ಹಿಡಿಯುತ್ತೆ ಅಂತ ಒಂದು ಸಲ ಲೀಟರ್ ಬಾಟ್ಲಿಯಲ್ಲಿ ಅಳೆದು ಗುರುತು ಹಾಕ್ಕೊಳ್ಳಿ. ನೀರು ಕದಡಿದ್ರೆ ಮೊದಲು ಸೋಸಿ, ಆಮೇಲೆ ಹಾಕಿ. ಕೊಳೆ ಇದ್ರೆ ಕ್ಲೋರಿನ್ ಆ ಕೊಳೆಗೇ ಖರ್ಚಾಗುತ್ತೆ, ಬ್ಯಾಕ್ಟೀರಿಯಾ ಕೊಲ್ಲೋಕೆ ಉಳಿಯಲ್ಲ. ಹಾಕಿದ ಮೇಲೆ ಅರ್ಧ ಗಂಟೆ ಬಿಡಲೇಬೇಕು. ಸ್ವಲ್ಪ ವಾಸನೆ ಬರುತ್ತೆ. ಅದು ಕೆಟ್ಟ ವಾಸನೆ ಅಲ್ಲ, ಕಾವಲು ಇದೆ ಅನ್ನೋದಕ್ಕೆ ಗುರುತು. ಆಮೇಲೆ ಯಾವುದಾದ್ರೂ ಸ್ವಲ್ಪ ಕೊಳೆ ಬಿದ್ರೂ ಉಳಿದ ಕ್ಲೋರಿನ್ ನೋಡ್ಕೊಳ್ಳುತ್ತೆ. ಕುದಿಸಿದ ನೀರಿಗೆ ಇಲ್ಲದ ಗುಣ ಇದು.

4. ಬಿಸಿಲು. ಗ್ಯಾಸೂ ಇಲ್ಲ ಮಾತ್ರೆಯೂ ಇಲ್ಲ ಅಂದಾಗ ನಮ್ಮ ಬಯಲುಸೀಮೆಗೆ ಬಿಸಿಲಿಗೇನು ಬರ. ಒಂದೆರಡು ಲೀಟರಿನ, ಬಣ್ಣ ಇಲ್ಲದ ಪ್ಲಾಸ್ಟಿಕ್ ಬಾಟ್ಲಿ ತೊಳೆದು, ಸೋಸಿದ ತಿಳಿ ನೀರು ತುಂಬಿ, ಶೀಟಿನ ಮೇಲೆ ಅಡ್ಡ ಮಲಗಿಸಿ. ಒಳ್ಳೆ ಬಿಸಿಲಿದ್ರೆ 6 ಗಂಟೆ, ಮೋಡ ಮುಚ್ಚಿದ್ರೆ ಎರಡು ದಿನ. ದೊಡ್ಡ ಕ್ಯಾನಲ್ಲಿ, ಬಣ್ಣದ ಬಾಟ್ಲಿಯಲ್ಲಿ ಇದು ಆಗಲ್ಲ.

5. ಇಡೋದು. ಇಷ್ಟೆಲ್ಲಾ ಮಾಡಿ ಲೋಟ ಅದ್ದಿ ತೆಗೆದ್ರೆ ಎಲ್ಲಾ ದಂಡ. ಮುಚ್ಚಳ ಇರಲಿ. ಉದ್ದ ಹಿಡಿಯ ಸೌಟಲ್ಲಿ ತೆಗೀರಿ, ಇಲ್ಲಾ ಬಗ್ಗಿಸ್ಕೊಳ್ಳಿ, ನಲ್ಲಿ ಇರೋ ಡ್ರಮ್ಮಾದ್ರೆ ಇನ್ನೂ ಒಳ್ಳೇದು.

6. ಯಾರಿಗಾದ್ರೂ ಭೇದಿ ಶುರುವಾದ್ರೆ ಆಸ್ಪತ್ರೆ ಮುಟ್ಟೋ ತನಕ ಒಂದು ಲೀಟರ್ ಶುದ್ಧ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸ್ತಾ ಇರಿ. ಓಆರ್‌ಎಸ್ ಪೊಟ್ಟಣ ಇದ್ರೆ ಅದೇ ಮೇಲು. ಭೇದಿ ಆಗ್ತಿದೆ ಅಂತ ನೀರು ಕೊಡದೆ ಇರಬೇಡಿ. ಬೀದಿ ಕೊನೆ ಮನೆ ಅಜ್ಜಿಗೆ ಇಷ್ಟಾದ್ರೂ ಯಾರಾದ್ರೂ ಕುಡಿಸಿದ್ದಿದ್ರೆ ಅಂತ ನಂಗೆ ಈಗಲೂ ಅನ್ನಿಸುತ್ತೆ.

ಇದರಿಂದ ಆಗದ್ದು

ಪ್ರಾಮಾಣಿಕವಾಗಿ ಇದನ್ನೂ ಹೇಳಬೇಕು. ಸೋಸೋದು, ಕುದಿಸೋದು, ಕ್ಲೋರಿನ್, ಬಿಸಿಲು ಯಾವುದೂ ಫ್ಲೋರೈಡ್ ತೆಗೆಯಲ್ಲ. ನಮ್ಮ ಕಡೆ ಆಳದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರುತ್ತೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನೋದು ನಿಯಮ. ಮೀರಿದ್ರೆ ಮಕ್ಕಳ ಹಲ್ಲು ಕಂದು ಕಲೆ ಬೀಳುತ್ತೆ, ವರ್ಷಗಟ್ಟಲೆ ಕುಡಿದ್ರೆ ಮೂಳೆ ಬಿಗಿಯುತ್ತೆ, ನಡು ಬಾಗುತ್ತೆ. ಕುದಿಸಿದ್ರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಾಢ ಆಗುತ್ತೆ ಅಷ್ಟೇ. ಕ್ಯಾಂಡಲ್ ಫಿಲ್ಟರ್ರೂ ತೆಗೆಯಲ್ಲ, ಯುವಿ ಲೈಟಿನ ಫಿಲ್ಟರ್ರೂ ತೆಗೆಯಲ್ಲ. ಅದಕ್ಕೆ ಆರ್‌ಓ ಬೇಕು, ಇಲ್ಲಾ ಚಾವಣಿಯ ಮಳೆನೀರು ಹಿಡಿದು ಅದನ್ನ ಸೋಸಿ ಕ್ಲೋರಿನ್ ಹಾಕಿ ಕುಡೀಬೇಕು.

ಆರ್‌ಓ ನಮ್ಮೂರಲ್ಲೂ ಇದೆ. ಶುದ್ಧ ಕುಡಿಯುವ ನೀರಿನ ಘಟಕ ಅಂತ ಬೋರ್ಡು. 5 ರೂಪಾಯಿ ಕಾಯಿನ್ ಹಾಕಿದ್ರೆ ಕ್ಯಾನ್ ತುಂಬುತ್ತೆ. ಇರೋದು ಊರೊಳಗೆ, ದೇವಸ್ಥಾನದ ಪಕ್ಕ. ಯಾರೂ ಬರಬೇಡಿ ಅಂತ ಬಾಯಿಬಿಟ್ಟು ಹೇಳಲ್ಲ. ಆದ್ರೆ ನಮ್ಮ ಹೆಣ್ಣುಮಕ್ಕಳು ಹೋದ್ರೆ ಕ್ಯಾನನ್ನ ಸಾಲಿಂದ ಒಂದು ಮಾರು ಆಚೆಗೆ ಇಟ್ಟು ನಿಲ್ತಾರೆ. ಮಿಷನ್ನಿಗೆ ಜಾತಿ ಗೊತ್ತಿಲ್ಲ, ಸಾಲಿಗೆ ಗೊತ್ತು.

ಕೊನೇ ನಲ್ಲಿ

ಈಗ ಮೊದಲನೇ ಪ್ರಶ್ನೆಗೆ ಬರ್ತೀನಿ. ಮನೇಲಿ ಮಾತ್ರೆ ಹಾಕಿ ಕುಡೀರಿ ಅಂತ ಹೇಳಿ ಮುಗಿಸಿದ್ರೆ, ಆಸ್ಪತ್ರೆಯಲ್ಲಿ ನನ್ನ ತಮ್ಮನ ಹೆಂಡ್ತಿಗೆ ಬೈದೋರಿಗೂ ನನಗೂ ವ್ಯತ್ಯಾಸ ಇರಲ್ಲ.

ಕಪ್ಪು ಬಾಟ್ಲಿ ಹಿಡ್ಕೊಂಡು ಕೇರಿ ಹೆಂಗಸರು ಹನ್ನೆರಡು ಜನ ಪಂಚಾಯ್ತಿಗೆ ಹೋದ್ವಿ. ಅವ್ವ ಮುಂದೆ. ನಾನು ಹಿಂದೆ. ನೀರು ಪರೀಕ್ಷೆ ಮಾಡೋ ಕಿಟ್ ಎಲ್ಲಿ ಅಂತ ಕೇಳಿದ್ವಿ. ಮನೆಮನೆಗೆ ಗಂಗೆ ಅಂತ 2019ರಿಂದ ನಡೀತಿರೋ ಜಲಜೀವನ್ ಯೋಜನೆಯ ನಿಯಮದಲ್ಲಿ ಪ್ರತಿ ಹಳ್ಳಿಯಲ್ಲೂ ಐದು ಜನಕ್ಕೆ, ಅದೂ ಹೆಂಗಸರಿಗೆ ಆದ್ಯತೆ ಕೊಟ್ಟು, ಈ ಪರೀಕ್ಷೆ ಕಲಿಸಬೇಕು ಅಂತ ಇದೆ. ನಮ್ಮೂರಿನ ಕಿಟ್ ಬೀರುವಿನಲ್ಲಿತ್ತು. ಅಂಟಿಸಿದ ಟೇಪೂ ಬಿಚ್ಚಿರಲಿಲ್ಲ.

ಅಲ್ಲೇ ಬಿಚ್ಚಿಸಿದ್ವಿ. ಕ್ಲೋರಿನ್ ನೋಡೋ ಔಷಧಿ ಎರಡು ಹನಿ ಹಾಕಿದ್ರೆ ನೀರು ಹಳದಿ ಆಗಬೇಕು. ಕೇರಿ ನೀರು ಆಗಲಿಲ್ಲ. ಟ್ಯಾಂಕ್ ಪಕ್ಕದ್ದೂ ಆಗಲಿಲ್ಲ. ಅಂದ್ರೆ ಊರಿಗೆಲ್ಲಾ ಕ್ಲೋರಿನ್ ಇಲ್ಲ, ಆದ್ರೆ ಪೈಪಿನ ತುದಿಯಲ್ಲಿರೋ ನಮಗೆ ಕಾಯಿಲೆ ಮೊದಲು ಬಂತು.

ವಾಟರ್‌ಮ್ಯಾನನ್ನ ಕರೆಸಿದ್ರು. ಎಲ್ಲರೂ ಅವನ ಮೇಲೆ ಬಿದ್ರು. ಅವನೂ ನಮ್ಮ ಕೇರಿಯವನೇ. "ಪೌಡರ್ ಚೀಲ ಬಂದು ವರ್ಷ ಆಯ್ತಕ್ಕ, ತೇವ ಹಿಡಿದು ಗಟ್ಟಿ ಆಗೈತೆ. ನಂಗೆ ಸಂಬಳನೇ ನಾಲ್ಕು ತಿಂಗಳಿಂದ ಬಂದಿಲ್ಲ" ಅಂದ. ಬ್ಲೀಚಿಂಗ್ ಪೌಡರ್ ಗಾಳಿ ತೇವ ತಾಗಿದ್ರೆ ಸತ್ವ ಕಳ್ಕೊಳ್ಳುತ್ತೆ. ವರ್ಷದ ಹಳೇ ಚೀಲ ಸುಣ್ಣದ ಪುಡಿಗೆ ಸಮ. ನಾವು ಅವನನ್ನ ಬಿಟ್ಟು, ಚೀಲ ಯಾವಾಗ ಬಂತು, ಯಾರು ತರಿಸಬೇಕಿತ್ತು, ರಿಜಿಸ್ಟರ್ ತೋರಿಸಿ ಅಂತ ಕೇಳಿದ್ವಿ.

ಲೆಕ್ಕ ಕೇಳಿ. ಒಳ್ಳೇ ಪೌಡರ್ ಆದ್ರೆ 1000 ಲೀಟರ್ ನೀರಿಗೆ ಎರಡೂವರೆ ಗ್ರಾಂ. 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ. ಒಂದು ಲೋಟದಷ್ಟು ಪುಡಿ. ಅದನ್ನ ಬಕೆಟ್ ನೀರಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನ ಟ್ಯಾಂಕಿಗೆ ಬಿಡೋದು. ಅರ್ಧ ಗಂಟೆ, ಒಂದು ಗಂಟೆ ಬಿಟ್ಟು ನೀರು ಬಿಡೋದು. ಬೀದಿ ಕೊನೆ ಅಜ್ಜಿಗೂ ಬದುಕಿಗೂ ನಡುವೆ ಇದ್ದದ್ದು ಒಂದು ಲೋಟ ಪುಡಿ ಮತ್ತು ಒಂದು ಒಡೆದ ಪೈಪು.

ನಾವು ಕೇಳಿದ್ದು ನಾಲ್ಕೇ ವಿಷಯ. ಚರಂಡಿ ಒಳಗಿನ ಪೈಪನ್ನ ಮೇಲೆತ್ತಿ ಹಾಕಿ. ಕೇರಿಗೆ ಬೇರೆ ವಾಲ್ವ್ ಇಟ್ಟು, ನಲ್ಲಿ ನೆಲದ ಮೇಲೆ ನಿಲ್ಲೋ ಹಂಗೆ ಒತ್ತಡ ಕೊಡಿ. ವಾಟರ್‌ಮ್ಯಾನ್ ಸಂಬಳ ಕೊಡಿ, ಹೊಸ ಪೌಡರ್ ತರಿಸಿ. ನಾಲ್ಕನೇದು ಮುಖ್ಯ: ಕ್ಲೋರಿನ್ ಪರೀಕ್ಷೆಯನ್ನ ಟ್ಯಾಂಕ್ ಪಕ್ಕ ಮಾಡಿ ಬರ್ಕೋಬೇಡಿ, ಕೇರಿ ಕೊನೇ ನಲ್ಲಿಯಲ್ಲಿ ಮಾಡಿ. ಕೊನೇ ನಲ್ಲಿಯಲ್ಲಿ ಹಳದಿ ಬಂದ್ರೆ ಊರಿಗೆಲ್ಲಾ ಬಂದ ಹಂಗೇ. ಟ್ಯಾಂಕ್ ಪಕ್ಕ ಬಂದ್ರೆ ಕೇರಿಗೆ ಬಂದ ಹಂಗಲ್ಲ.

ಯಾರಾದ್ರೂ ಇದೇನು ದೊಡ್ಡ ವಿಷಯ ಅಂದ್ರೆ ಸಂವಿಧಾನದ 15ನೇ ವಿಧಿ ತೋರಿಸಿ. ಬಾವಿ, ಕೆರೆ ಬಳಸೋಕೆ ಜಾತಿ ಅಡ್ಡ ಬರಬಾರದು ಅಂತ ಅಲ್ಲಿದೆ. ಮಾಲಿನ್ಯ ಇಲ್ಲದ ನೀರು 21ನೇ ವಿಧಿಯ ಬದುಕೋ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ನಮ್ಮ ಜನ ಬಳಸೋ ನೀರನ್ನ ಬೇಕಂತಲೇ ಕೆಡಿಸಿದ್ರೆ ಅದು ದೌರ್ಜನ್ಯ ತಡೆ ಕಾಯ್ದೆಯಲ್ಲೇ ಅಪರಾಧ. ಸಾಕ್ಷಿಗೆ ತಾರೀಖು ಬರೆದ ಬಾಟ್ಲಿ, ಫೋಟೋ, ರಿಜಿಸ್ಟರ್ ಪ್ರತಿ ಇಟ್ಕೊಳ್ಳಿ. ಬಾಯಿಮಾತಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತೆ.

ಗೆದ್ವಿ ಅಂತ ಬರೆಯೋಕೆ ಈ ಪೋಸ್ಟ್ ಹಾಕ್ತಿಲ್ಲ. ಹೊಸ ಪೌಡರ್ ಬಂತು. ವಾಟರ್‌ಮ್ಯಾನಿಗೆ ಎರಡು ತಿಂಗಳ ಸಂಬಳ ಆಯ್ತು, ಇನ್ನೆರಡು ಬಾಕಿ. ಪೈಪು ಅರ್ಧ ಬೀದಿಗೆ ಬದಲಾಯ್ತು, ಇನ್ನರ್ಧ ಅನುದಾನ ಇಲ್ಲ ಅಂತ ನಿಂತಿದೆ. ನಿಂತಿರೋ ಆ ಅರ್ಧ ನಮ್ಮದೇ ಅಂತ ಬೇರೆ ಹೇಳಬೇಕಾ? ಗುಂಡಿ ನಲ್ಲಿಗಳು ಇನ್ನೂ ಇವೆ. ಆದ್ರೆ ಪ್ರತಿ ಸೋಮವಾರ ಕೇರಿಯ ಇಬ್ಬರು ಹೆಣ್ಣುಮಕ್ಕಳು ಕಿಟ್ ಹಿಡ್ಕೊಂಡು ಕೊನೇ ನಲ್ಲಿ ನೀರು ಪರೀಕ್ಷೆ ಮಾಡಿ ನೋಟ್‌ಬುಕ್ಕಲ್ಲಿ ಬರೀತಾರೆ. ಹಳದಿ ಬಂದ ವಾರ ಹಳದಿ, ಬರದ ವಾರ ಇಲ್ಲ. ಬರದ ವಾರ ಪಂಚಾಯ್ತಿಗೆ ಫೋನ್ ಹೋಗುತ್ತೆ, ಮನೆಮನೆಗೆ ಮಾತ್ರೆ ಹಾಕಿ ಅಂತ ಕೂಗು ಹೋಗುತ್ತೆ.

ಹೋದ ತಿಂಗಳು ಊರಿಗೆ ಹೋದೆ. ಬ್ಯಾಗಲ್ಲಿ ಬಾಟ್ಲಿ ಇರಲಿಲ್ಲ. ಬಾಗಿಲಲ್ಲಿ ಕೂತು ಅವ್ವನ್ನ ನೀರು ಕೇಳಿದೆ. ಅವಳು ಎದ್ದು ಒಳಗೆ ಹೋಗೋ ಮೊದಲೇ ತಮ್ಮನ ಮಗಳು ಅಡ್ಡ ನಿಂತಳು. "ತಾಳು ಅತ್ತೆ, ಮಾತ್ರೆ ಹಾಕಿ ಇನ್ನೂ ಅರ್ಧ ಗಂಟೆ ಆಗಿಲ್ಲ" ಅಂದ್ಲು. ಗೋಡೆ ಗಡಿಯಾರ ನೋಡೋಕೆ ಈಗ ತಾನೇ ಕಲಿತಿದ್ದಾಳೆ, ಮುಳ್ಳನ್ನೇ ನೋಡ್ತಾ ನಿಂತಿದ್ಲು. ನಾನೂ ಅವ್ವನೂ ಕಾದ್ವಿ. ಆಮೇಲೆ ಅವ್ವ ಚೊಂಬು ತುಂಬಿ ಕೊಟ್ಟಳು, ಕುಡಿದೆ. ಸ್ವಲ್ಪ ಕ್ಲೋರಿನ್ ವಾಸನೆ ಇತ್ತು.

ಅವ್ವ ಏನೂ ಮಾತಾಡಲಿಲ್ಲ. ಖಾಲಿ ಚೊಂಬು ಇಸ್ಕೊಂಡು, ಇನ್ನೊಂದು ಸಲ ತುಂಬಿ ತಂದು ಪಕ್ಕದಲ್ಲಿಟ್ಟಳು.

ನಿಮ್ಮ ಕೇರಿಯ ಕೊನೇ ನಲ್ಲಿ ನೀರನ್ನ ಈ ವಾರ ಪರೀಕ್ಷೆ ಮಾಡಿಸಿ. ಏನು ಬಂತು ಅಂತ ಊರ ಹೆಸರಿನ ಜೊತೆ ಇಲ್ಲಿ ಬರೀರಿ. ಎಲ್ಲಾ ಊರಿನ ಕೊನೇ ನಲ್ಲಿಗಳ ಲೆಕ್ಕ ಒಂದು ಕಡೆ ಸೇರಿಸೋಣ.

ಜೈಭೀಮ್.